ಉಗುರು ಇಳಿಯದ ಟೈರು

ನವೆಂಬರ್ 5, ಬುಧವಾರ

ಕಾಪಿ ಬರೆಯಲಿಲ್ಲ ಅಂತ ಐದನೇ ಕ್ಲಾಸಿನ ಮೇಷ್ಟರು ಬೆಂಚಿನ ಮೇಲೆ ನಿಲ್ಲಿಸಿದ ದಿನವೇ ನಾನು ಸ್ಲೇಟು ಎಸೆದು ಮನೆಗೆ ಬಂದವಳು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಈಗ ಅರವತ್ತೇಳನೇ ವಯಸ್ಸಿನಲ್ಲಿ ಜಪಾನಿಗೆ ಕರೆಸಿಕೊಂಡು, ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ಮುಂದೆ ನೋಟ್‌ಬುಕ್ಕು ಇಟ್ಟು "ಬರಿ" ಅನ್ನುತ್ತಾಳೆ. ಬರೆದು ಗುಡ್ಡೆ ಹಾಕಲು ನಾನೇನು ಶಾನುಭೋಗರ ಮನೆಯವಳೇ?

ಎಲ್ಲ ಆ ಡಾಕ್ಟರನಿಂದ. ಗ್ಯೋಟೋಕು ಸ್ಟೇಷನ್ ಪಕ್ಕದ ಕ್ಲಿನಿಕ್ಕಿನಲ್ಲಿ ತೋಳಿಗೆ ಬೀಪಿ ಪಟ್ಟಿ ಕಟ್ಟಿ, ನಂಬರು ನೋಡಿ, ಹಸಿಮೆಣಸಿನಕಾಯಿ ಕಚ್ಚಿದವನ ಹಾಗೆ ಹಲ್ಲಿನ ಸಂದಿಯಿಂದ ಉಸಿರು ಎಳೆದುಕೊಂಡ. ಉಪ್ಪು ಬಿಡಿ, ಸಿಟ್ಟು ಬಿಡಿ ಅಂದನಂತೆ. ಎರಡೂ ಬಿಟ್ಟ ಮೇಲೆ ಇನ್ನೇನು ತಿಂದು ಬದುಕಲಿ?

"ಅಮ್ಮ, ಬಯ್ಬೇಕು ಅನ್ಸಿದಾಗೆಲ್ಲ ಇದ್ರಲ್ಲಿ ಬರಿ. ಯಾರೂ ಓದಲ್ಲ, ಪ್ರಾಮಿಸ್" ಅಂದಳು ಮಗಳು ಇಂದು.

"ಬಾಯಲ್ಲಿ ಬಯ್ದ್ರೆ ಪುಕ್ಕಟೆ ಕಣೇ. ಸುಮ್ನೆ ಪೆನ್ನು ಯಾಕೆ ಸವೆಸ್ತೀಯಾ?"

ಸರಿ, ಶುರು ಮಾಡುತ್ತೇನೆ. ಮೊದಲು ಅಳಿಯ ದೇವರು.

ಮಧುಕರ್ ಅಂತ ಹೆಸರು. ಕಂಪ್ಯೂಟರ್ ಕೆಲಸದಲ್ಲಿದ್ದ. ಯುಗಾದಿ ಹೊತ್ತಿಗೆ ಕಂಪನಿಯವರು ಇಲ್ಲಿಯ ವಿಭಾಗವನ್ನೇ ಮುಚ್ಚಿದರು. ಜೊತೆಯವರೆಲ್ಲ ಬೇರೆ ಕೆಲಸ ಹುಡುಕಿಕೊಂಡರೆ, ಈ ಮಹಾರಾಯ ಒಂದು ಪಿಕಪ್ ಟ್ರಕ್ ಕೊಂಡ. ಇದನ್ನು ಟ್ರಕ್ ಅಂದರೆ ನಮ್ಮ ಹಿರಿಯೂರಿನ ಜನ ನಗುತ್ತಾರೆ. ಗೋಡೆಗೆ ಗುದ್ದಿ ಮೂಗು ಚಪ್ಪಟೆಯಾದ ಹಾಗಿರುವ ಎರಡು ಸೀಟಿನ ಗಾಡಿ. ಹಿಂದಿನ ತೊಟ್ಟಿಯಲ್ಲಿ ತಗಡಿನ ಪೆಟ್ಟಿಗೆ ಕೂರಿಸಿ, ಒಳಗೆ ಗ್ಯಾಸು, ಕಾವಲಿ ಇಟ್ಟು, ಆಫೀಸುಗಳ ಮುಂದೆ ದೋಸೆ ಮಾರುತ್ತಾನೆ. ದೋಸೆ ಪರವಾಗಿಲ್ಲ. ಮನುಷ್ಯನದೇ ತೊಂದರೆ. ಬಾಯಿ ತೆಗೆದರೆ "ಸುಮಿಮಾಸೆನ್", ಕ್ಷಮಿಸಿ ಅಂತ. ಗಿರಾಕಿ ಇವನ ಕಾಲು ತುಳಿದರೂ ಇವನದೇ ಸುಮಿಮಾಸೆನ್. ಮಗುಚುವಾಗ ದೋಸೆಗೂ ಹೇಳುತ್ತಾನೆ ಅಂತ ನನ್ನ ಅನುಮಾನ.

ಚಳಿ ಶುರುವಾದ ಮೇಲೆ ಬೀದಿಯಲ್ಲಿ ನಿಂತು ತಿನ್ನುವವರು ಕಡಿಮೆಯಾಗಿದ್ದಾರೆ. ನಾಗಾನೊ ಕಡೆಯ ಬೆಟ್ಟದಲ್ಲಿ ಹಿಮದ ಮೇಲೆ ಜಾರುವ ಮೈದಾನವೊಂದಿದೆಯಂತೆ. ದುಡ್ಡು ಕೊಟ್ಟು ಜಾರುತ್ತಾರೆ, ನಮ್ಮೂರ ಕೆರೆ ಏರಿಯಲ್ಲಿ ಪುಕ್ಕಟೆ ಜಾರಬಹುದಿತ್ತು. ಅಲ್ಲಿಯ ಪಾರ್ಕಿಂಗಿನಲ್ಲಿ ಚಳಿಗಾಲ ಪೂರ್ತಿ ವಾರದ ಕೊನೆಗೆ ಗಾಡಿ ನಿಲ್ಲಿಸಲು ಮ್ಯಾನೇಜರ್ ಶಿಮೊದಾ ಸಾನ್ ಅನ್ನುವವನು ಅರ್ಧ ಒಪ್ಪಿದ್ದಾನೆ. ಡಿಸೆಂಬರ್ ಆರಕ್ಕೆ ಹೋಗಿ ಒಂದು ಸಲ ನಡೆಸಿ ತೋರಿಸಬೇಕು. ಗಾಡಿಗೆ ಹಿಮದ ಟೈರು ಇರಲೇಬೇಕು.

ಇದು ಕೂಡಿಬರದಿದ್ದರೆ ಟ್ರಕ್ ಮಾರಿ, ಸಿಕ್ಕ ಕೆಲಸಕ್ಕೆ ಸೇರುವುದು. ಹೀಗಂತ ಇಂದು ನನ್ನ ಮುಂದೆಯೇ ಅವನಿಗೆ ಹೇಳಿದಳು. ಅವನು "ಸರಿ" ಅಂದು, ಎದ್ದು ಹೋಗಿ ಹಿಟ್ಟಿನ ಪಾತ್ರೆ ತೊಳೆದ. ತೊಳೆದಿದ್ದನ್ನೇ ಮತ್ತೆ ತೊಳೆದ. ಗಂಡಸು ಒಂದು ಸಲ ಪಾತ್ರೆ ಎತ್ತಿ ಕುಕ್ಕಬಾರದೇ?

ನವೆಂಬರ್ 8

ಅಳಿಯ ದೇವರು ಟೈರಿನ ಬಗ್ಗೆ ಓದುತ್ತಿದ್ದಾರೆ. ಊಟದಲ್ಲಿ ಓದು, ಬಚ್ಚಲಲ್ಲಿ ಓದು. ಹಿಮಕ್ಕೆ ಹಾಕುವ ಟೈರನ್ನು ಇಲ್ಲಿ ಸ್ಟಡ್‌ಲೆಸ್ ಅನ್ನುತ್ತಾರೆ. ಅದರಲ್ಲಿ ನೂರೆಂಟು ಬಗೆ.

"ಅತ್ತೆ, ಇದು ಐಸ್ ಮೇಲೆ ಒಳ್ಳೆ ಗ್ರಿಪ್ ಅಂತೆ. ಆದ್ರೆ ಒದ್ದೆ ರೋಡಲ್ಲಿ ಸ್ವಲ್ಪ ವೀಕು. ಇನ್ನೊಂದು ಒದ್ದೇಲಿ ಸ್ಟ್ರಾಂಗು, ಆದ್ರೆ ಐಸಲ್ಲಿ..."

ನಾನು ಅಳಿಯನ ಜೊತೆ ನೇರವಾಗಿ ಮಾತಾಡುವವಳಲ್ಲ. ನಮ್ಮ ಮನೆಯಲ್ಲಿ ಆ ಪದ್ಧತಿಯಿಲ್ಲ. ಇಂದು ಕಡೆ ತಿರುಗಿದೆ. "ನಿನ್ನ ಗಂಡನಿಗೆ ಹೇಳು, ಹೆಣ್ಣು ನೋಡೋಕೆ ಬಂದಾಗ್ಲೂ ಇಷ್ಟು ಯೋಚನೆ ಮಾಡಿರ್ಲಿಲ್ಲ ಅವ್ರು."

"ಅಮ್ಮ, ಅವ್ರು ಇಲ್ಲೇ ಕೂತಿದಾರೆ."

"ಕೂತಿರೋದು ಕಾಣುತ್ತೆ. ಏಳೋದು ಯಾವಾಗ ಅಂತ ಕೇಳು."

ಟೈರಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿರಿಯೂರಿನ ಹೈವೇ ಪಕ್ಕ ನಮ್ಮದು ಪಂಕ್ಚರ್ ಅಂಗಡಿ. ಇವಳಪ್ಪ ತೀರಿಕೊಂಡ ಮೇಲೆ ಜಾಕಿ, ಸ್ಪ್ಯಾನರು ನನ್ನ ಕೈಗೆ ಬಂದವು. ಲಾರಿ ಡ್ರೈವರುಗಳು ಮೊದಲು ನಕ್ಕರು, ಆಮೇಲೆ "ಅನಸೂಯಕ್ಕ, ಸ್ವಲ್ಪ ನೋಡಕ್ಕ" ಅಂತ ಸಾಲು ನಿಂತರು. ಟೈರಿಗೆ ಹೆಬ್ಬೆರಳಿನ ಉಗುರು ಒತ್ತಬೇಕು. ಇಳಿಯಿತೋ, ಬೇಸಗೆಯ ಟಾರಿನ ಮೇಲೆ ಅದು ಬೆಣ್ಣೆ. ಇಳಿಯಲಿಲ್ಲವೋ, ಅದು ಟೈರು. ಇಷ್ಟೇ ವಿದ್ಯೆ. ಇದಕ್ಕೆ ಬಚ್ಚಲಲ್ಲಿ ಕೂತು ಓದಬೇಕೇ?

ನವೆಂಬರ್ 9, ಭಾನುವಾರ

ಟೈರ್ ಅಂಗಡಿಗೆ ಹೋಗಿದ್ದೆವು. ಒಳಗೆ ಕಾಫಿ ಯಂತ್ರ, ಸೋಫಾ, ಹೂವಿನ ಕುಂಡ. ಒಂದು ಹನಿ ಗ್ರೀಸು ಕಾಣಲಿಲ್ಲ. ಇದು ಅಂಗಡಿಯೋ ಮದುವೆ ಛತ್ರವೋ ಅಂತ ಕೇಳಿದೆ. ಮೊಮ್ಮಗಳು ಶರ್ವಾಣಿ "ಅಜ್ಜಿ, ಶ್" ಅಂದಳು. ಹತ್ತು ವರ್ಷದ ಪಿಂಡ ನನಗೆ ಶ್ ಅನ್ನುತ್ತದೆ.

ಬಿಳಿ ಕೈಗವಸು ತೊಟ್ಟ ಹುಡುಗನೊಬ್ಬ ಹೊಸ ಟೈರು ತಂದು ಮುಂದಿಟ್ಟು ತಲೆ ಬಾಗಿದ, ಮಗುವಿಗೆ ನಾಮಕರಣ ಮಾಡುವವನ ಹಾಗೆ. ಉಗುರು ಒತ್ತಿದೆ. ಸೊರ್ರಂತ ಒಳಗೆ ಹೋಯಿತು.

"ಇದು ಟೈರಾ, ಹಾಲ್ಬಾಯಾ? ಏಲಕ್ಕಿ ಹಾಕಿದ್ರೆ ತಿನ್ನಬಹುದು."

ಅಳಿಯ ದೇವರು ಗೊಣಗಿದರು, "ಅತ್ತೆ, ಹಿಮಕ್ಕೆ ಮೆತ್ತಗೇ ಇರ್ಬೇಕಂತೆ. ಚಳೀಲಿ ರಬ್ಬರ್ ಗಟ್ಟಿಯಾಗುತ್ತಲ್ಲ, ಅದಕ್ಕೆ."

"ಇಂದೂ, ಮಾರೋನು ಹೇಳಿದ್ದನ್ನೆಲ್ಲ ನಂಬೋಕೆ ಇವರಿಗೆ ಕಾಲೇಜಲ್ಲಿ ಕಲಿಸಿದ್ರಾ ಕೇಳು."

ಟೈರಿಗೆ ಜೊತೆಯಾಗಿ ಕೊಡುವ ಚಕ್ರವೋ, ಕಪ್ಪು ಕಬ್ಬಿಣದ್ದು. ಮಸಿ ಹಿಡಿದ ಬಾಣಲೆ ಮಗುಚಿಟ್ಟ ಹಾಗೆ. ದೋಸೆ ಮಾರುವ ಗಾಡಿಗೆ ಬಾಣಲೆ ಕಟ್ಟಿಕೊಂಡು ಓಡಾಡಬೇಕೇ? ಬೆಟ್ಟದ ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಹೊಳೆಯುವ ಚಕ್ರಕ್ಕೆ ಅದು ಹಿಡಿಯುತ್ತದೆ, ಕಬ್ಬಿಣವೇ ವಾಸಿ ಅಂದನಂತೆ ಅಂಗಡಿಯ ಹುಡುಗ. ನನಗೆ ಉಪ್ಪು ಬಿಡು ಅಂದವರು ರಸ್ತೆಗೆ ಸುರಿಯುತ್ತಾರೆ, ಏನು ದೇಶವಪ್ಪ. ನಾನು ಎದ್ದು ಹೊರಗೆ ಬಂದೆ. ಅವರೂ ಬಂದರು. ಬರುವಾಗ ಬಾಗಿಲಿಗೂ ಸುಮಿಮಾಸೆನ್.

ನವೆಂಬರ್ 13

ಪಟ್ಟಿ ಕಟ್ಟಿದರು. ನಂಬರು ಏರಿದೆ. ಬರೆದರೆ ಇಳಿಯುತ್ತದೆ ಅಂದವಳು ಇಂದು. ಅವಳಿಗೇ ಕಟ್ಟಬೇಕು ಪಟ್ಟಿ.

ನವೆಂಬರ್ 16, ಭಾನುವಾರ

ಇವತ್ತು ಗೆದ್ದೆ.

ಫುನಾಬೊರಿಯ ಆಚೆ ಹಳೇ ಸಾಮಾನಿನ ಯಾರ್ಡ್ ಒಂದಿದೆ. ಅದು ಅಂಗಡಿ! ತುಕ್ಕು, ಎಣ್ಣೆ, ಹಗ್ಗದಲ್ಲಿ ಕಟ್ಟಿದ ನಾಯಿ. ಮೂಗಿಗೆ ವಾಸನೆ ಬಡಿದಿದ್ದೇ ಜೀವ ಬಂತು. ಟೈರಿನ ರಾಶಿಯಲ್ಲಿ ನಮ್ಮ ಗಾಡಿಯ ಅಳತೆಯ ನಾಲ್ಕು ಸಿಕ್ಕವು. ಹಿಮದ ಟೈರೇ, ಗೀರುಗಳು ಆಳವಾಗಿ ಹೊಸದರ ಹಾಗೇ ಇವೆ. ಚಕ್ರಗಳು ಬೆಳ್ಳಿಯ ತಟ್ಟೆಯ ಹಾಗೆ ಹೊಳೆಯುತ್ತವೆ. ಉಗುರು ಒತ್ತಿದೆ. ಉಗುರೇ ಬಾಗಿತು. ನಮ್ಮಪ್ಪನಾಣೆ, ಇದು ಟೈರು.

ಅಳಿಯ ದೇವರು ಕೂತು ಟೈರಿನ ಪಕ್ಕದ ನಂಬರು ಓದಿದರು. "ಅತ್ತೆ, ಇದು ತಯಾರಾಗಿ ಒಂಬತ್ತು ವರ್ಷ ಆಗಿದೆ."

"ಇಂದೂ, ಹೇಳು. ನಮ್ಮಲ್ಲಿ ಟೈರಿಗೆ ಜಾತಕ ನೋಡಲ್ಲ. ಒಂಬತ್ತು ವರ್ಷ ಆದ್ರೂ ಸವೆದಿಲ್ಲ ಅಂದ್ರೆ ಎಷ್ಟು ಗಟ್ಟಿ ಮಾಲು ಅಂತ ತಿಳ್ಕೊಳ್ಳಕ್ಕೆ ಹೇಳು."

ಅವನು ಟೈರು ನೋಡಿದ, ನನ್ನ ನೋಡಿದ. ಇಂದು "ನಿಮ್ಮ ಇಷ್ಟ ಮಧು" ಅಂದಳು.

"ಅತ್ತೆ ಮೂವತ್ತು ವರ್ಷ ಇದೇ ಕೆಲಸ ಮಾಡಿದಾರೆ. ಅವರು ಹೇಳಿದ್ಮೇಲೆ ಸರಿ" ಅಂದ.

ಮೊದಲ ಸಲ ಬುದ್ಧಿ ಇರುವ ಮಾತಾಡಿದ.

ನವೆಂಬರ್ 17

ಹೊಸ ಚಕ್ರಕ್ಕೆ ಪೂಜೆ ಮಾಡದೆ ಗಾಡಿ ಹೊರಡಿಸುವುದಿಲ್ಲ ಅಂದೆ. ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ನಾಲ್ಕು ಚಕ್ರಕ್ಕೂ ಕುಂಕುಮ, ಊದುಬತ್ತಿ. ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟು "ಹೂಂ, ಹತ್ತಿಸಲಿ" ಅಂದೆ. ಅಳಿಯ ಹತ್ತಿಸಿದ. ಒಂದು ನಿಂಬೆಹಣ್ಣು ಮಾತ್ರ ಒಡೆಯದೆ ಪಟ್ಟಂತ ಹಾರಿ, ಪಕ್ಕದ ಬಿಳಿ ಕಾರಿನ ಕನ್ನಡಿಗೆ ಬಡಿಯಿತು.

ಕಟ್ಟಡ ನೋಡಿಕೊಳ್ಳುವ ಮುದುಕ ಓಡಿಬಂದ. ನೆಲದ ಮೇಲೆ ಕೆಂಪು, ಹೊಗೆ, ರಸ. ಪಾಪ, ಕೊಲೆಯಾಗಿದೆ ಅಂದುಕೊಂಡನೋ ಏನೋ. ಅಳಿಯ ಎಷ್ಟು ಬಾಗಿದ ಅಂದರೆ ನಿಂಬೆಹಣ್ಣಿಗಿಂತ ಕೆಳಗೆ ಹೋದ. ಆಮೇಲೆ ನೆಲ ಉಜ್ಜಿದ. ಒಬ್ಬನೇ ಉಜ್ಜುತ್ತಿದ್ದ ಅಂತ ನಾನೂ ಒಂದು ಬಟ್ಟೆ ತಗೊಂಡೆ. ನೀರು ಹೆಚ್ಚು ಸುರಿಯುತ್ತಿದ್ದ, ತಡೆಯಲಾಗಲಿಲ್ಲ, ಅಷ್ಟೇ.

ನವೆಂಬರ್ 26

ಈ ಚಳಿಗೆ ಹಿಟ್ಟು ಹುಳಿ ಬರುವುದಿಲ್ಲ. ಸ್ನಾನದ ತೊಟ್ಟಿಗೆ ಬಿಸಿನೀರು ತುಂಬಿ, ಮುಚ್ಚಳದ ಮೇಲೆ ಹಿಟ್ಟಿನ ಪಾತ್ರೆ ಇಡುತ್ತಾನೆ ಅಳಿಯ. ಗಳಿಗೆಗೊಮ್ಮೆ ಹೋಗಿ ಮುಚ್ಚಳ ತೆಗೆದು ನೋಡುತ್ತಾನೆ. ಹಾಗೆ ನೋಡಿದರೆ ಬಾಣಂತಿಗೂ ಹಾಲಿಳಿಯುವುದಿಲ್ಲ ಅಂತ ಇಂದು ಕಡೆ ತಿರುಗಿ ಬಯ್ದೆ. ನನ್ನ ಉಣ್ಣೆ ಶಾಲು ಸುತ್ತಿಟ್ಟೆ, ಉಬ್ಬಿತು. ಚಟ್ನಿಗೆ ಇವನು ಹಾಕುವ ಹುಣಸೆ ಸಾಲದು. ನಾಳೆಯಿಂದ ಚಟ್ನಿ ನಾನೇ ಮಾಡುತ್ತೇನೆ. ಶಾಲು ಹುಳಿ ನಾರುತ್ತಿದೆ.

ಡಿಸೆಂಬರ್ 6, ಶನಿವಾರ

ಬರೆಯುವ ಮನಸ್ಸಿಲ್ಲ. ಆದರೆ ಬಯ್ಯಲು ಇನ್ಯಾರೂ ಇಲ್ಲ.

ಗಾಡಿಗೆ ಎರಡೇ ಸೀಟು. ಚಟ್ನಿ ನನ್ನದು, ಚಕ್ರವೂ ನನ್ನದು, ಹಾಗಾಗಿ ನಾನು ಹೊರಟೆ. ದಾರಿಯುದ್ದಕ್ಕೂ ಮಾತಿಲ್ಲ. ನಡುವೆ ಇಂದು ಇಲ್ಲವಲ್ಲ, ಯಾರಿಗೆ ಹೇಳಿ ಯಾರಿಗೆ ಮುಟ್ಟಿಸಲಿ? ಕೊನೆಗೆ ಕೊಂಬಿನಿ ಅನ್ನುವ ದಾರಿಬದಿಯ ಅಂಗಡಿಯ ಮುಂದೆ ನಿಲ್ಲಿಸಿ ಅವನು ಬಿಸಿ ಚಹಾದ ಬಾಟಲು ತಂದುಕೊಟ್ಟ. "ಸಕ್ಕರೆ ಇಲ್ಲ" ಅಂದೆ, ಗಾಜಿನ ಕಡೆ ನೋಡಿಕೊಂಡು. ಹೋಗಿ ತಂದ.

ಬೆಟ್ಟದ ಬುಡದ ತನಕ ರಸ್ತೆ ಕಪ್ಪಗಿತ್ತು. ಆಮೇಲೆ ಎಲ್ಲ ಬಿಳಿ. ನಾನು ಹಿಮ ನೋಡಿದ್ದು ಇದೇ ಮೊದಲು. ಚೆನ್ನಾಗಿದೆ ಅನ್ನುವಷ್ಟರಲ್ಲಿ ಮೈದಾನಕ್ಕೆ ಹತ್ತುವ ಕಡೇ ಏರು ಬಂತು. ಅರ್ಧ ಹತ್ತಿ ಚಕ್ರ ಸುಮ್ಮನೆ ತಿರುಗಿತು. ಅವನು ಬ್ರೇಕ್ ಒತ್ತಿದ. ಗಾಡಿ ಕೇಳಲಿಲ್ಲ. ಮೆಲ್ಲಗೆ ಹಿಂದಕ್ಕೆ ಹೊರಟಿತು, ಬೀಗರ ಮನೆಯಿಂದ ಹೇಳದೆ ಹೊರಡುವವರ ಹಾಗೆ.

"ಅತ್ತೆ, ಗಟ್ಟಿಯಾಗಿ ಹಿಡ್ಕೊಳ್ಳಿ!"

"ಏನನ್ನ ಹಿಡ್ಕೊಳ್ಳೋ? ಬ್ರೇಕ್ ಹಾಕೋ!"

"ಹಾಕಿದೀನಿ ಅತ್ತೆ!"

"ಇನ್ನೂ ಹಾಕೋ!"

ಒಂದು ಕೈಯಲ್ಲಿ ಸ್ಟೇರಿಂಗು ಹಿಡಿದು, ಇನ್ನೊಂದು ಕೈ ನನ್ನ ಎದೆಗೆ ಅಡ್ಡ ಕೊಟ್ಟ. ಹಿಂದೆ ಮೈದಾನದ ಸ್ವಾಗತದ ಬೋರ್ಡು, ಕೈ ಬೀಸುವ ಮರದ ಕರಡಿ. ಕರಡಿಯ ತಲೆ ಹಾರಿತು. ನಾವು ಹಿಮದ ದಿಬ್ಬಕ್ಕೆ ಒರಗಿ ನಿಂತೆವು. ಯಾರಿಗೂ ಏಟಾಗಲಿಲ್ಲ. ಚಟ್ನಿಯೂ ಚೆಲ್ಲಲಿಲ್ಲ.

ಮೈದಾನದ ಆಳುಗಳು ಒಂದು ಟ್ರಕ್ ತಂದು ಎಳೆದರು. ಅದೂ ನಮ್ಮಂಥದೇ ಚಪ್ಪಟೆ ಮೂಗಿನದು, ಬಾಣಲೆಯಂಥ ಕಪ್ಪು ಚಕ್ರ. ಅದೇ ಏರಿನಲ್ಲಿ ಆಡಿನ ಹಾಗೆ ಹತ್ತಿತು. ಎಳೆದವನು ಬಾಗಿ ನಮ್ಮ ಟೈರಿಗೆ ಹೆಬ್ಬೆರಳು ಒತ್ತಿ ಏನೋ ಅಂದ.

"ಏನಂತೆ?"

"ಏನಿಲ್ಲ ಅತ್ತೆ. ವೆದರ್ ಬಗ್ಗೆ."

ಹೆಬ್ಬೆರಳಲ್ಲಿ ಹವಾಮಾನ ನೋಡುತ್ತಾರೆಯೇ? ಅವರು ಆಚೆ ಹೋದ ಮೇಲೆ ನಾನೂ ಒತ್ತಿ ನೋಡಿದೆ. ರುಬ್ಬುವ ಗುಂಡು. ಅವರ ಟ್ರಕ್ಕಿನ ಟೈರಿಗೂ ಒತ್ತಿದೆ. ಅಷ್ಟು ಚಳಿಯಲ್ಲೂ ಉಗುರು ಇಳಿಯಿತು.

ಶಿಮೊದಾ ಸಾನ್ ಬಂದ. ಕೋಲಿನ ಹಾಗೆ ನೆಟ್ಟಗಿರುವ ಮುದುಕ. ಕರಡಿಯ ತಲೆ ಎತ್ತಿ ಹಿಮ ಒರೆಸಿದ. ಅಳಿಯ ಸೊಂಟದ ತನಕ ಬಾಗಿ ಏನೇನೋ ಹೇಳಿದ. ತನ್ನ ಎದೆಯನ್ನೇ ತೋರಿಸಿಕೊಂಡು ಟೈರ್, ಟೈರ್ ಅಂದ. ನನ್ನ ಕಡೆ ಒಂದು ಸಲವೂ ಕೈ ತೋರಿಸಲಿಲ್ಲ.

ಆಮೇಲೆ ಗ್ಯಾಸು ಹಚ್ಚಿದ. ಎಳೆದವರಿಗೆಲ್ಲ ದೋಸೆ. ನಾನು ಚಟ್ನಿ ಬಡಿಸಿದೆ. ನಿಂತಲ್ಲೇ ತಿಂದರು, ಇನ್ನೊಂದು ಕೇಳಿದರು. ಶಿಮೊದಾ ಸಾನ್ ತಟ್ಟೆಯನ್ನು ಬೆರಳಲ್ಲಿ ಒರೆಸಿ ತಿಂದ. ತಿಂದವನು ಬಾಯಿ ಒರೆಸಿಕೊಂಡು "ಕೆಂತೋ ಶಿಮಾಸು" ಅಂದ. ಇಳಿಯಲು ಚಕ್ರಕ್ಕೆ ಕಟ್ಟುವ ಸರಪಳಿ ಕೊಟ್ಟು ಕಳಿಸಿದ.

"ಏನು ಹಾಗಂದ್ರೆ?"

"ಪರಿಶೀಲಿಸ್ತೀವಿ ಅಂತ."

"ಒಳ್ಳೇದೇ ಆಯ್ತಲ್ಲ."

"ಇಲ್ಲ ಅಂತ ಅರ್ಥ, ಅತ್ತೆ."

"ಇಲ್ಲ ಅನ್ನೋಕೆ ಇಲ್ಲ ಅನ್ನೋ ಮಾತಿಲ್ವಾ ಈ ದೇಶದಲ್ಲಿ?"

ಅವನು ಸಕ್ಕರೆ ಹಾಕಿದ ಚಹಾ ಇನ್ನೊಂದು ತಂದುಕೊಟ್ಟ.

ಡಿಸೆಂಬರ್ 7

ಏನಾಯಿತು ಅಂತ ಇಂದು ಅವನನ್ನು ಕೇಳಿದಳು. "ನನ್ನ ಚಾಯ್ಸೇ ತಪ್ಪಾಯ್ತು. ಡೇಟ್ ನೋಡಿಯೂ ತಗೊಂಡೆ" ಅಂದ. ಇವಳು ಫೋನು ತೆಗೆದು ಟ್ರಕ್ಕಿನ ಫೋಟೋ ಯಾರಿಗೋ ಕಳಿಸಿದಳು. ಚಿಬಾದಲ್ಲಿ ಮೂಲಂಗಿ ಬೆಳೆಯುವವನೊಬ್ಬ ಹದಿನೆಂಟಕ್ಕೆ ಬಂದು ನೋಡಿ ಕೊಳ್ಳುತ್ತಾನಂತೆ.

ನಾನು ಸಾರಿನ ಬಟ್ಟಲು ಅತ್ತ ಸರಿಸಿದೆ. ಉಪ್ಪಿರಲಿಲ್ಲ.

ಡಿಸೆಂಬರ್ 9

ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತೆ. "ಏಳು. ಟೈರ್ ಅಂಗಡಿಗೆ ನಡಿ."

"ಜಾಗಾನೇ ಇಲ್ವಲ್ಲ ಅತ್ತೆ. ಟೈರ್ ಯಾಕೆ?"

"ಸರಪಳಿ ವಾಪಸ್ ಕೊಡ್ಬೇಕಲ್ಲ. ಅಷ್ಟು ಕಬ್ಬಿಣಾನ ಅಂಚೇಲಿ ಹಾಕ್ತೀಯಾ? ಕರಡಿ ತಲೆ ತೆಗ್ದಿದ್ದು ಸಾಲ್ದು ಅಂತ ಪೋಸ್ಟ್‌ಮ್ಯಾನ್ ಸೊಂಟಾನೂ ಮುರೀಬೇಕಾ?"

ಅದೇ ಛತ್ರದಂಥ ಅಂಗಡಿ, ಅದೇ ಬಿಳಿ ಕೈಗವಸಿನ ಹುಡುಗ. ಹಾಲ್ಬಾಯಿ ಟೈರು ಮುಂದಿಟ್ಟು ಬಾಗಿದ. ಉಗುರು ಒತ್ತಲಿಲ್ಲ ನಾನು. "ಇದೇ ಹಾಕು ಅನ್ನು. ಈ ವರ್ಷ ತಯಾರಾಗಿದ್ದಾ ನೋಡು ಮೊದ್ಲು" ಅಂದೆ. ಮಧು ನಂಬರು ಓದಿ ತಲೆ ಆಡಿಸಿದ. ಚಕ್ರ ಯಾವುದು ಅಂತ ಕೇಳಿದ ಹುಡುಗನಿಗೆ ನಾನೇ ಬೆರಳು ತೋರಿಸಿದೆ, ಕಪ್ಪು ಬಾಣಲೆ. ನೋಡುತ್ತಾ ನೋಡುತ್ತಾ ಅಷ್ಟೇನೂ ಕೆಟ್ಟದಾಗಿಲ್ಲ. ಗಾಡಿಗೆ ಕಾಡಿಗೆ ಹಚ್ಚಿದ ಹಾಗಿದೆ.

ಬೆಳ್ಳಿ ತಟ್ಟೆಗಳನ್ನು ಯಾರ್ಡಿನವನಿಗೇ ವಾಪಸ್ ತಳ್ಳಿದೆ. ಅವನಿಗೆ ಕನ್ನಡ ಬರಲಿಲ್ಲ, ನನಗೆ ಜಪಾನಿ ಬರಲಿಲ್ಲ, ಆದರೂ ಜಗಳ ಚೆನ್ನಾಗಿಯೇ ಆಯಿತು. ನಾಯಿ ನನ್ನ ಕಡೆಗಿತ್ತು.

ಡಿಸೆಂಬರ್ 13, ಶನಿವಾರ

ಏರು ಹತ್ತಿದೆವು. ಅಷ್ಟೇ. ಬರೆಯಲು ಏನೂ ಇಲ್ಲ, ಹತ್ತಿತು ಗಾಡಿ. ನಡುವೆ ಮಧು ಬೇಕಂತಲೇ ನಿಲ್ಲಿಸಿ, ಮತ್ತೆ ಹೊರಡಿಸಿದ. "ಗೊತ್ತಾಯ್ತು, ಸಾಕು ಕಣೋ, ಸರ್ಕಸ್ ಮಾಡ್ಬೇಡ" ಅಂದೆ. ಹಲ್ಲು ಬಿಟ್ಟು ನಕ್ಕ. ಅವನ ಎಡಗಡೆ ಒಂದು ಹಲ್ಲು ಸೊಟ್ಟಗಿದೆ, ಇಷ್ಟು ವರ್ಷ ಕಂಡಿರಲಿಲ್ಲ.

ಶಿಮೊದಾ ಸಾನ್ ಆಫೀಸಿನಲ್ಲಿ ಸರಪಳಿ ಕೊಟ್ಟೆವು. ಅವನು ಬಾಗಿದ, ಇವನು ಬಾಗಿದ, ಅವನು ಮತ್ತೆ ಬಾಗಿದ. ಬಿಟ್ಟರೆ ಸಂಜೆಯ ತನಕ ನಡೆಯುತ್ತಿತ್ತು.

"ಹೇಳು ಅವ್ರಿಗೆ. ಆ ಟೈರ್ ಆರಿಸಿದ್ದು ನಾನು. ಇವನು ಬೇಡ ಅಂದ, ನಾನು ಕೇಳ್ಲಿಲ್ಲ."

"ಅತ್ತೆ, ಅದೆಲ್ಲ ಈಗ ಯಾಕೆ?"

"ನಿನ್ನ ಅಭಿಪ್ರಾಯ ಕೇಳಿದ್ನಾ? ನಾನು ಕನ್ನಡದಲ್ಲಿ ಹೇಳಿದ್ದನ್ನ ಅವನ ಭಾಷೇಲಿ ಹೇಳು."

ಹೇಳಿದ. ನಾನು ಹೇಳಿದ್ದು ಒಂದು ಗುಟುಕು, ಇವನು ಸುರಿದಿದ್ದು ಒಂದು ಕೊಡ. ನಡುನಡುವೆ ಸುಮಿಮಾಸೆನ್ ತೇಲುತ್ತಿತ್ತು.

"ನೀರು ಬೆರೆಸ್ಬೇಡ. ಮತ್ತೆ ಹೇಳು."

ಈ ಸಲ ಚಿಕ್ಕದಾಗಿ ಹೇಳಿದ. ಕಿವಿ ಕೆಂಪಗಾಗಿತ್ತು. ಶಿಮೊದಾ ಸಾನ್ ನನ್ನನ್ನು ನೋಡಿದ, ನಾನೂ ಅವನನ್ನು ನೋಡಿದೆ. ಆಮೇಲೆ ಕಿಟಕಿಗೆ ಹೋಗಿ, ಕೆಳಗೆ ನಿಂತ ನಮ್ಮ ಗಾಡಿಯ ಚಕ್ರ ನೋಡಿ ಬಂದ. ಬಂದು ಕೂತು, ಮೇಜಿನ ಮೇಲೆ ಕೈ ಜೋಡಿಸಿ, ಮತ್ತದೇ "ಕೆಂತೋ ಶಿಮಾಸು."

ನನ್ನ ತಲೆಯ ನರ ಟಕ್ ಟಕ್ ಅಂತು. ಮಧು ನನ್ನ ತೋಳು ಹಿಡಿದು ಹೊರಗೆ ತಂದ.

ಡಿಸೆಂಬರ್ 15, ಸೋಮವಾರ

ಫೋನ್ ಇಲ್ಲ. ಮೂಲಂಗಿಯವನು ಮಾತ್ರ ಗುರುವಾರ ಬೆಳಿಗ್ಗೆಯೇ ಬರುತ್ತೇನೆ ಅಂತ ಮತ್ತೆ ತಿಳಿಸಿದ್ದಾನೆ.

ಮಧು ಎದ್ದಾಗಿನಿಂದ ಗಾಡಿಯ ಕಾವಲಿ ಉಜ್ಜುತ್ತಿದ್ದಾನೆ. ಮಾರುವ ಸಾಮಾನನ್ನು ಹಾಗೆ ಉಜ್ಜುವವರನ್ನು ನಾನು ನೋಡಿಲ್ಲ. ಮೇಲಿಂದ ಕೂಗಿ ಕರೆದೆ. "ಆ ಮುದುಕನಿಗೆ ಫೋನ್ ಹಚ್ಚು."

"ಹಾಗೆಲ್ಲ ಕೇಳ್ಬಾರ್ದು ಅತ್ತೆ. ಇಲ್ಲಿ ಒತ್ತಾಯ ಮಾಡಿದ್ರೆ ಬೇಜಾರ್ ಮಾಡ್ಕೋತಾರೆ."

"ಮಾಡ್ಕೊಳ್ಳಲಿ. ನಾನೂ ಮಾಡ್ಕೊಂಡಿದೀನಿ."

ಇಂದು ಪಾತ್ರೆ ಒರೆಸುತ್ತಿದ್ದವಳು ಬಟ್ಟೆ ಕೆಳಗಿಟ್ಟಳು. "ಹಚ್ಚಿ ಮಧು. ಏನಾಗುತ್ತೋ ಆಗ್ಲಿ" ಅಂದಳು.

ಆ ಕಡೆ ಯಾರೂ ಎತ್ತಲಿಲ್ಲ. ಯಂತ್ರವೊಂದು ಏನೋ ಉಲಿದು ಕೀಂಕ್ ಅಂತು. ಈಗ ಹೇಳಿದ್ದು ಉಳಿಯುತ್ತದಂತೆ. ಒಳ್ಳೆಯದಾಯಿತು, ಯಂತ್ರ ಬಾಗುವುದಿಲ್ಲ. ನಾನು ಕನ್ನಡದಲ್ಲಿ ಹೇಳಿದೆ, ಮಧು ಒಂದೊಂದು ಮಾತನ್ನೂ ಹಾಗೇ ಅವರ ಭಾಷೆಗೆ ಹಾಕಿದ. ಒಂದು ಸುಮಿಮಾಸೆನ್ ಕೂಡ ಸೇರಿಸಲಿಲ್ಲ, ಕಿವಿ ಕೊಟ್ಟೇ ಕೇಳಿದೆ. ಹೇಳಿದ್ದು ಇಷ್ಟು:

ಶಿಮೊದಾ ಸಾನ್, ನಾನು ಅನಸೂಯಾ, ದೋಸೆ ಗಾಡಿಯ ಮಧುಕರನ ಅತ್ತೆ. ಟೈರು ಹೊಸದು, ಚಕ್ರ ಕಬ್ಬಿಣದ್ದು, ನಿಮ್ಮ ಏರು ಹತ್ತಿ ಬಂದು ನಿಂತಿದ್ದನ್ನು ನೀವೇ ಕಿಟಕಿಯಿಂದ ನೋಡಿದ್ದೀರಿ. ನಮ್ಮ ಹುಡುಗನಿಗೆ ಜಾಗ ಉಂಟೋ ಇಲ್ಲವೋ? ಪರಿಶೀಲನೆ ಬೇಡ. ಹೌದು ಅಥವಾ ಇಲ್ಲ, ಎರಡರಲ್ಲೊಂದು ಮಾತು, ಹದಿನೇಳನೇ ತಾರೀಕು ಬುಧವಾರ ಸಂಜೆಯೊಳಗೆ ಹೇಳಿ.